ಅವ್ವನ ಸೀರೆಗೆ ಕತ್ತರಿ ಹಾಕಬಹುದಾ?

ಪ್ರಶ್ನೆ: ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಹೋದ ವರ್ಷ ನಮ್ಮ ಅವ್ವ ತೀರಿಕೊಂಡರು. ಅವರ ಟ್ರಂಕಿನಲ್ಲಿ ಹನ್ನೆರಡು ಹತ್ತಿ ಸೀರೆ, ಒಂದು ಮೊಳಕಾಲ್ಮೂರು ರೇಷ್ಮೆ ಸೀರೆ, ಒಂದಿಷ್ಟು ರವಿಕೆ ಕಣ ಇವೆ. ನನ್ನ ಮಗಳಿಗೆ ಐದು ವರ್ಷ. ಅಜ್ಜಿ ಸೀರೆಯಲ್ಲಿ ಅವಳಿಗೊಂದು ಗೊಂಬೆ ಮಾಡಿಕೊಡಬೇಕು ಅಂತ ಆಸೆ. ಕಲಿಯೋಣ ಅಂತ ಹೊಸ ಬಟ್ಟೆ ತಂದು ಎರಡು ಗೊಂಬೆ ಮಾಡಿದೆ. ಎರಡರದ್ದೂ ಕತ್ತು ಬೀಳುತ್ತದೆ, ಕಂಕುಳ ಹತ್ತಿರ ಹೊಲಿಗೆ ಬಿಟ್ಟಿತು, ಮುಖ ನೋಡಿ ಮಗಳು ಹೆದರಿದಳು. ಮನೆಯಲ್ಲಿ "ಜಾತ್ರೆಯಲ್ಲಿ 150 ರೂಪಾಯಿಗೆ ಗೊಂಬೆ ಸಿಗುತ್ತೆ, ಸುಮ್ನೆ ಯಾಕೆ ಕಣ್ಣು ಹಾಳು ಮಾಡ್ಕೊಳ್ತೀಯಾ" ಅಂತಾರೆ. ಹೊಲಿಗೆ ಮೆಷಿನ್ ಇಲ್ಲ, ಕೊಳ್ಳಬೇಕಾ? ಕೈ ಕುದುರಿದ ಮೇಲೆ ಮಾರಬಹುದಾ? ಅವ್ವನ ಸೀರೆ ಕತ್ತರಿಸಲಾ ಬೇಡವಾ ಅನ್ನುವುದೂ ತಿಳಿಯುತ್ತಿಲ್ಲ.

ಉತ್ತರ: ಕತ್ತರಿಸಿ.

ಕತ್ತು, ಕಂಕುಳು, ಮುಖ ಎಲ್ಲದಕ್ಕೂ ಆಮೇಲೆ ಬರುತ್ತೇನೆ. ಆದರೆ ನೀವು ಕೊನೆಗೆ ಬರೆದ ಸಾಲೇ ನಿಜವಾದ ಪ್ರಶ್ನೆ ಅನ್ನಿಸಿತು. ಟ್ರಂಕಿನಲ್ಲಿ ಹನ್ನೆರಡು ಸೀರೆ ಇಟ್ಟುಕೊಂಡು ಹೊಸ ಬಟ್ಟೆ ತಂದಿದ್ದೀರಿ, ಅಲ್ವಾ? ಮೂವತ್ತು ವರ್ಷ ಹೊಲಿಗೆ ಮತ್ತು ಬಟ್ಟೆ ಗೊಂಬೆ ಹೇಳಿಕೊಟ್ಟಿದ್ದೇನೆ. ಹಳೆ ಸೀರೆ ಮಡಿಲಲ್ಲಿ ಇಟ್ಟುಕೊಂಡು ಕತ್ತರಿ ಮುಟ್ಟದೆ ಕೂತ ಎಷ್ಟೋ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ನಮ್ಮ ಅವ್ವ ಹೋದಾಗ ನಾನೂ ಹಾಗೇ ಕೂತಿದ್ದೆ, ಒಂದೆರಡು ತಿಂಗಳಲ್ಲ, ವರ್ಷಗಟ್ಟಲೆ. ಕೊನೆಗೊಂದು ದಿನ ಬಿಡಿಸಿ ನೋಡಿದರೆ ಅವರ ಮದುವೆ ಸೀರೆ ಮಡಿಕೆ ಮಡಿಕೆಗೂ ಬಿರಿದಿತ್ತು. ಪೆಟ್ಟಿಗೆಯಲ್ಲಿ ಇಟ್ಟರೆ ಸೀರೆ ಉಳಿಯುತ್ತದೆ ಅಂದುಕೊಂಡಿದ್ದೆ. ಒಂದೇ ಮಡಿಕೆಯಲ್ಲಿ ತುಂಬಾ ಕಾಲ ಇಟ್ಟರೆ ಆ ಗೆರೆಯಲ್ಲೇ ನೂಲು ಸೋಲುತ್ತದೆ. ರೇಷ್ಮೆಗೆ ಇದು ಜಾಸ್ತಿ, ಜರಿ ಇದ್ದ ಕಡೆ ಇನ್ನೂ ಬೇಗ.

ನಮ್ಮ ಕಡೆಯ ಹೆಂಗಸರು ಹಳೆ ಸೀರೆಗೆ ಕತ್ತರಿ ಹಾಕೋಕೆ ಯಾವತ್ತೂ ಹೆದರಿದವರಲ್ಲ. ಕೌದಿ ನೆನಪು ಮಾಡಿಕೊಳ್ಳಿ. ಅಜ್ಜಿಯ ಸೀರೆ, ಅಜ್ಜನ ಧೋತರ, ಮಗುವಿಗೆ ಸಣ್ಣದಾದ ಲಂಗ, ಎಲ್ಲಾ ಒಂದರ ಮೇಲೊಂದು ಹಾಸಿ, ಅಂಚಿನಿಂದ ಶುರು ಮಾಡಿ ಒಳಗೆ ಒಳಗೆ ಹೊಲಿಯುತ್ತಾ ನಡುವಿಗೆ ಬರುತ್ತಿದ್ದರು. ಹುಟ್ಟಿದ ಕೂಸಿಗೆ ಮೊದಲು ಹಾಸುತ್ತಿದ್ದುದು ಹಳೆ ಸೀರೆಯ ಬಟ್ಟೆ, ಯಾಕೆಂದರೆ ಅಷ್ಟು ಮೆತ್ತನೆಯದು ಅಂಗಡಿಯಲ್ಲಿ ಸಿಗುವುದಿಲ್ಲ. ಕುಂಚಿಗೆಯೂ ಮನೆಯಲ್ಲಿ ಉಳಿದ ಕಣದಲ್ಲೇ ಆಗುತ್ತಿತ್ತು. ಸೀರೆ ಸವೆದ ಮೇಲೆ ಅದು ಮುಂದಿನ ಮಗುವಿನದು ಅನ್ನುವುದು ಯಾರೂ ಬರೆದಿಡದ ಲೆಕ್ಕ. ನಿಮ್ಮ ಅವ್ವನೂ ತಮ್ಮ ಅವ್ವನ ಸೀರೆಯನ್ನು ಹಾಗೇ ಮಾಡಿರುತ್ತಾರೆ, ಮನೆಯ ಹಳೆ ಕೌದಿ ಇದ್ದರೆ ತೆಗೆದು ನೋಡಿ.

ಇದು ನಮ್ಮಲ್ಲಿ ಮಾತ್ರ ಅಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಒಂದು ಬಟ್ಟೆ ಗೊಂಬೆ ಇದೆ. ಈಜಿಪ್ಟಿನಲ್ಲಿ ಸಿಕ್ಕಿದ್ದು, ಅಲ್ಲಿ ರೋಮನ್ನರ ಆಳ್ವಿಕೆ ಇದ್ದ ಕಾಲದ್ದು, 1500 ವರ್ಷಕ್ಕೂ ಹಳೆಯದು. ಒರಟು ಲಿನನ್ ಬಟ್ಟೆ, ಒಳಗೆ ಚಿಂದಿ ಮತ್ತು ಪಪೈರಸ್ ಅನ್ನುವ ಜೊಂಡಿನ ಕಾಗದದ ಚೂರು. ಯಾವುದೋ ಮನೆಯಲ್ಲಿ ಯಾರೋ ಉಳಿದ ಬಟ್ಟೆಯನ್ನು ಮಗುವಿಗೋಸ್ಕರ ಉರುಟಾಗಿ ಸುತ್ತಿದ್ದಾರೆ. ಅದರ ಚಿತ್ರ ನೋಡಿದಾಗಲೆಲ್ಲ ನನಗೆ ಮಾಡಿದವರ ಕೈ ನೆನಪಾಗುತ್ತದೆ.

ಸರಿ, ಟ್ರಂಕು ತೆಗೆಯಿರಿ. ಹನ್ನೆರಡನ್ನೂ ಒಂದೇ ದಿನ ಹೊರಗೆ ಹಾಕಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಒಂದೊಂದೇ ಬಿಡಿಸಿ ಕಿಟಕಿ ಬೆಳಕಿಗೆ ಹಿಡಿಯಿರಿ. ಸೀರೆ ಎಲ್ಲಾ ಕಡೆ ಒಂದೇ ಥರ ಸವೆಯುವುದಿಲ್ಲ. ಕೂರುವ ಜಾಗ, ಮೊಣಕಾಲಿನ ಜಾಗ, ನೆಲಕ್ಕೆ ತಾಗುವ ಅಂಚು ಮೊದಲು ತೆಳುವಾಗುತ್ತದೆ. ಸೊಂಟಕ್ಕೆ ಸಿಕ್ಕಿಸುವ ಒಳಸುತ್ತು ಬಿಸಿಲು ಕಾಣುವುದಿಲ್ಲ, ಹಾಗಾಗಿ ಅಲ್ಲಿ ಬಣ್ಣವೂ ಗಟ್ಟಿತನವೂ ಉಳಿದಿರುತ್ತದೆ. ಎರಡು ಹೆಬ್ಬೆರಳು ಪಕ್ಕ ಪಕ್ಕ ಇಟ್ಟು ಬಟ್ಟೆಯನ್ನು ಮೆಲ್ಲಗೆ ಎರಡೂ ಕಡೆ ಎಳೆದು ನೋಡಿ. ಚಿರ್ ಅಂತ ಸಣ್ಣ ಸದ್ದು ಬಂದರೆ ಅದು ಹೊಲಿಗೆಗೆ ಆಗದು. ಆಗದ್ದನ್ನೂ ಎಸೆಯಬೇಡಿ, ಅದು ಗೊಂಬೆಯ ಒಳಗೆ ಹೋಗುತ್ತದೆ. ಗಟ್ಟಿ ಇರುವುದು ಗೊಂಬೆಯ ಮೈಗೆ, ನಡುಮಧ್ಯದ್ದು ಲಂಗ ರವಿಕೆಗೆ, ಪೂರಾ ಸವೆದದ್ದು ಹೊಟ್ಟೆಗೆ. ಬಣ್ಣ ಬಿಡುತ್ತದಾ ಅಂತ ನೋಡೋಕೆ ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಒಂದು ಮೂಲೆಯನ್ನು ಚೆನ್ನಾಗಿ ಉಜ್ಜಿ. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ, ಅದನ್ನು ನಂಬಿಕೊಂಡು ಕೂರಬೇಡಿ. ಬಣ್ಣ ಬಿಡುವ ಸೀರೆಯನ್ನು ನೀರು ತಿಳಿಯಾಗುವ ತನಕ ಮತ್ತೆ ಮತ್ತೆ ಜಾಲಾಡಿಸುವುದೇ ದಾರಿ.

ಮೊಳಕಾಲ್ಮೂರು ಸೀರೆಯ ವಿಷಯ ಬೇರೆ. ಅದು ಇನ್ನೂ ಗಟ್ಟಿಯಾಗಿದ್ದರೆ ಕತ್ತರಿಸಬೇಡಿ, ನೀವು ಉಡಿ. ಪಕ್ಕದ ಚಿತ್ರದುರ್ಗ ಜಿಲ್ಲೆಯ ನೇಕಾರರು ಕೈಮಗ್ಗದಲ್ಲಿ ನೇಯುವ ಸೀರೆ ಅದು, ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಅದನ್ನು ಉಟ್ಟು ಮಗಳ ಮುಂದೆ ಓಡಾಡುವುದು ಗೊಂಬೆಗಿಂತ ದೊಡ್ಡದು. ಇಡುವಾಗ ಪ್ಲಾಸ್ಟಿಕ್ ಕವರ್ ಬೇಡ, ಹಳೆ ಹತ್ತಿ ಪಂಚೆಯಲ್ಲಿ ಸುತ್ತಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಗೊಂಬೆಗೆ ರೇಷ್ಮೆ ಬೇಕೇ ಬೇಕು ಅನ್ನಿಸಿದರೆ ರವಿಕೆ ಕಣದಲ್ಲಿ ರೇಷ್ಮೆಯದೇನಾದರೂ ಇದ್ದರೆ ಅದರಿಂದ ನಾಲ್ಕು ಬೆರಳು ತೆಗೆದು, ಕೆಳಗೆ ಹತ್ತಿ ಲೈನಿಂಗ್ ಕೊಟ್ಟು, ಲಂಗದ ಅಂಚಿಗೆ ಹಾಕಿ.

ಮುಖ, ಕೈಗೆ ಬಣ್ಣ ಯಾವುದು? ಅಂಗಡಿ ಗೊಂಬೆಗಳ ಗುಲಾಬಿ ಬಣ್ಣ ಬೇಡ ಅಂತ ನಾನು ಪ್ರತಿಯೊಬ್ಬರಿಗೂ ಹೇಳುತ್ತೇನೆ. ನಿಮ್ಮ ಮಗಳು ಗೊಂಬೆಯ ಕೈ ಪಕ್ಕ ತನ್ನ ಕೈ ಇಟ್ಟು ನೋಡುತ್ತಾಳೆ, ಖಂಡಿತ ನೋಡುತ್ತಾಳೆ. ಒಂದು ಅರ್ಧ ಮೀಟರ್ ಬಿಳಿ ಲಾಂಗ್‌ಕ್ಲಾತ್ ತನ್ನಿ. ಸೋಪು ಹಾಕಿ ತೊಳೆದು ಅದರ ಗಂಜಿ ಪೂರ್ತಿ ಬಿಡಿಸಿ. ಒಂದು ಲೀಟರ್ ನೀರಿಗೆ ನಾಲ್ಕೈದು ಚಮಚ ಚಹಾಪುಡಿ ಹಾಕಿ ಕುದಿಸಿ ಸೋಸಿ, ಆ ಬಿಸಿ ಡಿಕಾಕ್ಷನ್ನಿನಲ್ಲಿ ಒದ್ದೆ ಬಟ್ಟೆಯನ್ನು ಅರ್ಧ ಗಂಟೆ ಮುಳುಗಿಸಿಡಿ, ಆಗಾಗ ಮಗುಚುತ್ತಿರಿ. ಚಹಾದ ಒಗರು ಹತ್ತಿಯನ್ನು ಹಿಡಿದುಕೊಳ್ಳುತ್ತದೆ. ನೆರಳಲ್ಲಿ ಒಣಗಿಸಿದರೆ ನಮ್ಮ ಮಕ್ಕಳ ಮೈಬಣ್ಣ ಬರುತ್ತದೆ. ಇನ್ನೂ ಗಾಢ ಬೇಕಾದರೆ ಮತ್ತೊಮ್ಮೆ ಮುಳುಗಿಸಿ. ಒಣಗಿದ ಮೇಲೆ ಬಣ್ಣ ತುಸು ತಿಳಿಯಾಗುತ್ತದೆ, ಒದ್ದೆ ಇರುವಾಗಲೇ ಸಾಕು ಅಂದುಕೊಳ್ಳಬೇಡಿ.

ಈಗ ಕಂಕುಳ ಹೊಲಿಗೆ. ನಿಮ್ಮ ಕೈಯ ತಪ್ಪಿಗಿಂತ ಇಲ್ಲಿ ಆತುರದ ತಪ್ಪು ಜಾಸ್ತಿ. ಗೊಂಬೆ ಹೊಲಿದು ಒಳಮೈ ಹೊರಗೆ ಮಾಡುವಾಗ ಎಳೆತ ಎಲ್ಲಾ ಕತ್ತಿಗೆ, ಕಂಕುಳಿಗೆ ಬೀಳುತ್ತದೆ. ತುಂಬುವಾಗ ಮತ್ತೆ ಅಲ್ಲೇ ಬೀಳುತ್ತದೆ. ಆದ್ದರಿಂದ ಹೊಲಿಗೆಯ ಆಚೆ ಕಾಲು ಇಂಚು ಮಾರ್ಜಿನ್ ಬಿಡಲೇಬೇಕು, ಹಳೆ ಸೀರೆಯಾದರೆ ಅದಕ್ಕಿಂತ ಸ್ವಲ್ಪ ಜಾಸ್ತಿ. ಈ ಎರಡು ಜಾಗದಲ್ಲಿ ಹೊಲಿಗೆಯ ಮೇಲೆ ಇನ್ನೊಂದು ಸಲ ಹೊಲಿಯಿರಿ. ಆಮೇಲೆ ಒಳಬಾಗಿನ ಮೂಲೆಯಲ್ಲಿ ಮಾರ್ಜಿನ್ನಿಗೆ ಕತ್ತರಿಯ ತುದಿಯಿಂದ ಸಣ್ಣ ಕಚ್ಚು ಕೊಡಿ. ಹೊಲಿಗೆಯ ಹತ್ತಿರ ಹತ್ತಿರ ಹೋಗಬೇಕು, ಹೊಲಿಗೆ ಮುಟ್ಟಬಾರದು. ಕಚ್ಚು ಕೊಡದಿದ್ದರೆ ಬಟ್ಟೆ ಅಲ್ಲಿ ಮುದುಡಿ ಎಳೆಯುತ್ತದೆ, ಹೊಲಿಗೆ ಬಿಡುತ್ತದೆ. ನಿಮ್ಮದರಲ್ಲಿ ಆಗಿರುವುದು ಇದೇ ಇರಬೇಕು. ಇನ್ನೊಂದು ವಿಷಯ, ಬಟ್ಟೆಯ ಹಾಸು ಗೊಂಬೆಯ ತಲೆಯಿಂದ ಕಾಲಿಗೆ ಬರುವಂತೆ ಇಟ್ಟು ಕತ್ತರಿಸಿ. ಸೀರೆಯಲ್ಲಿ ಉದ್ದಕ್ಕೆ ಓಡುವ ನೂಲೇ ಹಾಸು. ಅದು ಕಡಿಮೆ ಹಿಗ್ಗುತ್ತದೆ, ಅಡ್ಡದ ಹೊಕ್ಕು ಸ್ವಲ್ಪ ಜಾಸ್ತಿ, ಕ್ರಾಸ್ ಆದರೆ, ಅಂದರೆ ಓರೆಗೆ ಕತ್ತರಿಸಿದರೆ, ತುಂಬಾ. ಒಂದು ಕೈ ನೇರಕ್ಕೆ, ಇನ್ನೊಂದು ಕ್ರಾಸಿಗೆ ಕತ್ತರಿಸಿಬಿಟ್ಟರೆ ತುಂಬಿದ ಮೇಲೆ ಒಂದು ಕೈ ಉದ್ದ, ಒಂದು ಕೈ ದಪ್ಪ ಆಗಿರುತ್ತದೆ.

ಮೆಷಿನ್ ಕೊಳ್ಳಬೇಡಿ, ಈಗ ಬೇಡ. 12 ಇಂಚಿನ ಗೊಂಬೆಗೆ ಕೈಹೊಲಿಗೆ ಸಾಕು, ಬಾಗುಗಳಲ್ಲಿ ಕೈಹೊಲಿಗೆಯೇ ಚೆಂದ. ಬಖಿಯಾ ಹಾಕಿ, ಅಂದರೆ ಪ್ರತಿ ಕುಟ್ಟಿಗೂ ಸೂಜಿ ಅರ್ಧ ಹೆಜ್ಜೆ ಹಿಂದೆ ಬಂದು ಮುಂದೆ ಹೋಗಬೇಕು. ಅಕ್ಕಿಕಾಳಿನ ಅರ್ಧದಷ್ಟು ಉದ್ದದ ಕುಟ್ಟು. ಬರೀ ಓಟದ ಹೊಲಿಗೆ ಕೌದಿಗೆ ಸರಿ, ಗೊಂಬೆಯ ಒಳಗಿನ ಒತ್ತಡ ಅದು ತಡೆಯುವುದಿಲ್ಲ. ದಾರ ಬೆರಳ ತುದಿಯಿಂದ ಮೊಣಕೈವರೆಗೆ ಇದ್ದರೆ ಸಾಕು, ಅದಕ್ಕಿಂತ ಉದ್ದ ಇದ್ದರೆ ಗಂಟು ಬೀಳುತ್ತದೆ, ತಿಕ್ಕಾಟದಲ್ಲಿ ಸವೆಯುತ್ತದೆ. ಮೇಣದ ಮೇಲೆ ಒಮ್ಮೆ ಎಳೆದುಕೊಳ್ಳಿ. ಸೂಜಿ 8 ಅಥವಾ 9ನೇ ನಂಬರಿನದು ಕೇಳಿ. ಕೈಸೂಜಿಯಲ್ಲಿ ನಂಬರ್ ಹೆಚ್ಚಾದಂತೆ ಸೂಜಿ ಸಣ್ಣದಾಗುತ್ತದೆ. ಮೆಷಿನ್ ಸೂಜಿಯಲ್ಲಿ ಅದು ತಿರುಗುಮುರುಗು, 11 ಸಣ್ಣ, 14 ಅದಕ್ಕಿಂತ ದಪ್ಪ, 16 ಇನ್ನೂ ದಪ್ಪ. ಅಂಗಡಿಯಲ್ಲಿ ಇದು ಗೊತ್ತಿಲ್ಲದೆ ಎಷ್ಟೋ ಜನ ದಬ್ಬಣದಂಥ ಸೂಜಿ ತಂದು ಹಳೆ ಸೀರೆಗೆ ತೂತು ಮಾಡುತ್ತಾರೆ. ಅಂಗುಸ್ತಾನ, ಅಂದರೆ ಬೆರಳ ತುದಿಗೆ ಹಾಕುವ ಟೊಪ್ಪಿ, ಹಾಕಿಕೊಳ್ಳುವುದು ರೂಢಿ ಮಾಡಿ, ಮೊದಲೆರಡು ದಿನ ಕೈಗೆ ಅಡ್ಡ ಅನ್ನಿಸುತ್ತದೆ, ಮೂರನೇ ದಿನ ಬಿಟ್ಟಿರೋಕೆ ಆಗುವುದಿಲ್ಲ.

ಸೂಜಿ, ಗುಂಡುಪಿನ್ನುಗಳನ್ನು ಎಣಿಸಿ ತೆಗೆದುಕೊಳ್ಳಿ, ಮುಗಿದ ಮೇಲೆ ಎಣಿಸಿ ಇಡಿ. ತುಂಬಾ ಹಿಂದೆ ನಾನು ಮಾಡಿಕೊಟ್ಟ ಒಂದು ಗೊಂಬೆಯೊಳಗೆ ಗುಂಡುಪಿನ್ನು ಉಳಿದುಬಿಟ್ಟಿತ್ತು. ಮಗುವಿಗೆ ಚುಚ್ಚುವ ಮೊದಲು ಅದರ ಅಮ್ಮನ ಕೈಗೆ ಸಿಕ್ಕಿತು, ಅಷ್ಟು ಪುಣ್ಯ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಂದಿನಿಂದ ಪ್ರತಿ ಗೊಂಬೆಯ ಮೈಮೇಲೂ ಹಳೆ ಸ್ಪೀಕರಿನ ಅಯಸ್ಕಾಂತ ಆಡಿಸಿದ ಮೇಲೆಯೇ ಕೊಡುವುದು. ಜಪಾನಿನಲ್ಲಿ ಹೊಲಿಯುವವರು ಮುರಿದ ಸೂಜಿಗಳನ್ನು ಎಸೆಯುವುದಿಲ್ಲ, ಫೆಬ್ರವರಿ 8ರಂದು ಮೆತ್ತನೆಯ ತೋಫುವಿನಲ್ಲಿ (ಸೋಯಾ ಪನೀರಿನಲ್ಲಿ) ಚುಚ್ಚಿ ನಮಸ್ಕಾರ ಮಾಡುತ್ತಾರೆ. ನಾವು ಆಯುಧ ಪೂಜೆ ದಿನ ಮೆಷಿನ್ನಿಗೆ ಅರಿಶಿನ ಕುಂಕುಮ ಹಚ್ಚಿದಾಗ ಸೂಜಿಡಬ್ಬಿಯನ್ನೂ ಪಕ್ಕಕ್ಕೆ ಇಡುತ್ತೇವಲ್ಲ, ಅದೇ ಭಾವ.

ಈಗ ಕತ್ತಿಗೆ ಬರೋಣ. ಕತ್ತು ಬೀಳುವುದು ತುಂಬುವುದರಲ್ಲಿ ಆಗುವ ತಪ್ಪು. ಬಟ್ಟೆ ಗೊಂಬೆಯ ಅರ್ಧ ಕೆಲಸ ತುಂಬುವುದೇ, ಆದರೆ ಎಲ್ಲರೂ ಅದಕ್ಕೆ ಬರುವ ಹೊತ್ತಿಗೆ ಸುಸ್ತಾಗಿ ಬೇಗ ಮುಗಿಸೋಣ ಅಂತಿರುತ್ತಾರೆ. ದೊಡ್ಡ ಹಿಡಿ ಹಿಡಿಯಾಗಿ ತುರುಕುತ್ತಾರೆ. ಹಾಗೆ ತುರುಕಿದರೆ ಒಳಗೆ ಉಂಡೆ ಉಂಡೆಯಾಗಿ, ನಡುವೆ ಸಂದು ಉಳಿಯುತ್ತದೆ. ನಾಲ್ಕು ದಿನ ಮಗು ಅಪ್ಪಿಕೊಂಡರೆ ಆ ಸಂದು ಕುಸಿಯುತ್ತದೆ.

ಏನು ತುಂಬಬೇಕು ಅನ್ನುವುದಕ್ಕೆ ನಮ್ಮ ಊರಿನಲ್ಲಿ ಸುಲಭದ ಉತ್ತರ ಹತ್ತಿ ಅನ್ನಿಸಬೇಕು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡ ಊರು ಇದು. ನಮ್ಮಪ್ಪ ಇಲ್ಲಿಯ ಒಂದು ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದರು. ಸಂಜೆ ಮನೆಗೆ ಬಂದಾಗ ಹುಬ್ಬಿನ ಮೇಲೂ ಹತ್ತಿಯ ಧೂಳು ಇರುತ್ತಿತ್ತು. ಅವರು ತಂದ ವೇಸ್ಟ್ ನೂಲಿನಿಂದ ಅವ್ವ ನನ್ನ ಮೊದಲ ಗೊಂಬೆ ತುಂಬಿದ್ದರು. ಅದರ ಭಾರ, ಅದರ ಎಣ್ಣೆ ವಾಸನೆ ಇವತ್ತಿಗೂ ಕೈಗೆ ಮೂಗಿಗೆ ಗೊತ್ತು. ಆದರೂ ಅರಳೆ ನಿಮಗೆ ಹೇಳುವುದಿಲ್ಲ. ಒದ್ದೆಯಾದರೆ ಹತ್ತಿ ಗಡ್ಡೆ ಕಟ್ಟುತ್ತದೆ, ಒಣಗೋಕೆ ಎರಡು ಮೂರು ದಿನ ಬೇಕು, ಮಳೆಗಾಲದಲ್ಲಿ ವಾಸನೆ ಬರುತ್ತದೆ. ಹತ್ತಿಕಾಳು ಉಳಿದಿದ್ದರೆ ಇಲಿ ಬಿಡುವುದಿಲ್ಲ. ಬೂರುಗದ ಹತ್ತಿ ಹಗುರ, ಮೆತ್ತಗೆ, ಆದರೆ ಜಾರುತ್ತದೆ, ತುಂಬುವಾಗ ಮೂಗಿಗೆ ಹಾರುತ್ತದೆ, ಮಗು ಪಕ್ಕದಲ್ಲಿದ್ದರೆ ಬೇಡ. ದಿಂಬಿನ ಅಂಗಡಿಯಲ್ಲಿ ಫೈಬರ್ ಅಂತ ಕೇಳಿ, ಒಂದು ಗೊಂಬೆಗೆ ನನ್ನ ಅಂದಾಜಿನಲ್ಲಿ 100 ಗ್ರಾಂ ಸುತ್ತಮುತ್ತ ಬೇಕು. ತೊಳೆದರೂ ಬೇಗ ಒಣಗುತ್ತದೆ. ಅದರ ಜೊತೆಗೆ ನಿಮ್ಮ ಅವ್ವನ ಪೂರ್ತಿ ಸವೆದ ಸೀರೆಯನ್ನು ಎರಡು ಬೆರಳಗಲ ಚಿಂದಿ ಮಾಡಿ, ಗೊಂಬೆಯ ಕುಂಡಿ ಭಾಗದಲ್ಲಿ ಗಟ್ಟಿಯಾಗಿ ತುಂಬಿ. ಚಿಂದಿ ಫೈಬರಿಗಿಂತ ಭಾರ. ಆ ಭಾರಕ್ಕೆ ಗೊಂಬೆ ಕೂತಲ್ಲಿ ಕೂರುತ್ತದೆ, ಎತ್ತಿಕೊಂಡರೆ ಮಗು ಎತ್ತಿಕೊಂಡ ಹಾಗಿರುತ್ತದೆ. ತೂಕಕ್ಕೆ ರಾಗಿ, ಜೋಳ ಹಾಕಬೇಡಿ, ಹುಳ ಬೀಳುತ್ತದೆ.

ಚಿಂದಿ ಹರಿಯುವ ಕೆಲಸ ಮಗಳಿಗೆ ಕೊಡಿ. ನೀವು ಕತ್ತರಿಯಿಂದ ಒಂದೊಂದು ಕಚ್ಚು ಕೊಟ್ಟರೆ ಸಾಕು, ಅವಳು ಎಳೆದು ಹರಿಯುತ್ತಾಳೆ. ಪರ್‍ರ್ ಅನ್ನುವ ಆ ಸದ್ದು ಮಕ್ಕಳಿಗೆ ಎಷ್ಟು ಇಷ್ಟ ಅಂದರೆ, ಸಾಕು ಅಂದರೂ ಬಿಡುವುದಿಲ್ಲ. "ಇದು ಅಜ್ಜಿ ದುಗ್ಗಮ್ಮನ ಜಾತ್ರೆಗೆ ಉಟ್ಟಿದ್ದ ಸೀರೆ" ಅಂತ ನೀವು ಹೇಳುತ್ತಾ ಇರಿ.

ಪೆನ್ಸಿಲ್ಲಿನ ಮೊಂಡು ತುದಿಯಿಂದ ಮೊದಲು ಕೈ ಕಾಲಿನ ತುದಿ, ಆಮೇಲೆ ತಲೆ. ಒಂದು ಸಲಕ್ಕೆ ಬೋಟಿಯಷ್ಟು ಫೈಬರ್, ಬಿಡಿಸಿ ಬಿಡಿಸಿ ಹಾಕಿ. ತಲೆ ಗಟ್ಟಿಯಾಗಿ ತುಂಬಿದ ಮೇಲೆ ಕತ್ತಿಗೆ ಒಂದು ಸುರುಳಿ ಮಾಡಿ. ಹಳೆ ಸೀರೆಯ ಒಂದು ಗೇಣು ಅಗಲದ ಪಟ್ಟಿಯನ್ನು ಬಿಗಿಯಾಗಿ, ಹೆಬ್ಬೆರಳಿನಷ್ಟು ದಪ್ಪಕ್ಕೆ ಸುತ್ತಿ, ದಾರದಲ್ಲಿ ಕಟ್ಟಿ. ಅದರ ಅರ್ಧ ತಲೆಯೊಳಗೆ, ಅರ್ಧ ಎದೆಯೊಳಗೆ ಇರಬೇಕು. ಆಮೇಲೆ ಅದರ ಸುತ್ತಲೂ ಫೈಬರ್ ಒತ್ತಿ. ಕಡ್ಡಿ, ತಂತಿ ಹಾಕುವವರಿದ್ದಾರೆ, ಮಕ್ಕಳ ಗೊಂಬೆಗೆ ಅದು ಬೇಡವೇ ಬೇಡ. ಇನ್ನೊಂದು, ನಕ್ಷೆಯಲ್ಲೇ ಕತ್ತನ್ನು ಸಣ್ಣ ಮಾಡಬೇಡಿ. ತಲೆಯ ಅಗಲದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಆದರೆ ಯಾವ ಸುರುಳಿಯೂ ಉಳಿಸುವುದಿಲ್ಲ. ಸಾಕು ಅನ್ನಿಸಿದ ಮೇಲೂ ಎರಡು ಹಿಡಿ ತುಂಬಿ. ಒಂದು ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ಒತ್ತಿ ನೋಡಿ, ಇನ್ನಷ್ಟು ಹಿಡಿಸುತ್ತದೆ. ಬೆನ್ನಿನ ಬಾಯಿಯನ್ನು ಆಮೇಲೆ ಮುಚ್ಚಿ, ಸೂಜಿ ಒಂದು ಮಡಿಕೆಯೊಳಗೆ ಹೋಗಿ ಎದುರು ಮಡಿಕೆಯೊಳಗೆ ಬರುವ ಏಣಿ ಹೊಲಿಗೆಯಲ್ಲಿ. ನಾಲ್ಕೈದು ಕುಟ್ಟು ಹಾಕಿ ದಾರ ಎಳೆದಾಗ ಎರಡು ಅಂಚು ಮುಚ್ಚಿಕೊಂಡು ಹೊಲಿಗೆ ಕಾಣದ ಹಾಗೆ ಆಗುತ್ತದಲ್ಲ, ಆ ಕ್ಷಣಕ್ಕೆ ನಾನು ಇಷ್ಟು ವರ್ಷವಾದರೂ ಕಾಯುತ್ತೇನೆ.

ಮುಖ ಹೆದರಿಸುವುದಕ್ಕೆ ಕಾರಣ ಸಾಮಾನ್ಯವಾಗಿ ಎರಡೇ. ಕಣ್ಣು ತುಂಬಾ ಮೇಲಿರುತ್ತದೆ, ಮತ್ತು ಮುಖದಲ್ಲಿ ಕೆಲಸ ಜಾಸ್ತಿ ಆಗಿರುತ್ತದೆ. ಚಿಕ್ಕ ಮಕ್ಕಳ ಮುಖ ನೋಡಿ, ಹಣೆ ದೊಡ್ಡದು, ಕಣ್ಣು ತಲೆಯ ನಡುಗೆರೆಗಿಂತ ಸ್ವಲ್ಪ ಕೆಳಗೆ ಇರುತ್ತದೆ. ನಾವು ಚಿತ್ರ ಬರೆಯುವಾಗ ಅಭ್ಯಾಸಬಲದಿಂದ ಕಣ್ಣನ್ನು ಮೇಲೆ ಬರೆಯುತ್ತೇವೆ, ಆಗ ಅದು ದೊಡ್ಡವರ ಮುಖವಾಗುತ್ತದೆ. ತುಂಬಿದ ಗೊಂಬೆಗೆ ಮೊದಲು ಎರಡು ಗುಂಡುಪಿನ್ನು ಕಣ್ಣಿನ ಜಾಗದಲ್ಲಿ ಚುಚ್ಚಿ, ಎದುರು ಗೋಡೆಗೆ ಒರಗಿಸಿ, ದೂರ ನಿಂತು ನೋಡಿ. ಸರಿಸಿ, ಮತ್ತೆ ನೋಡಿ. ಒಂದು ಕಾಳಿನಷ್ಟು ಸರಿಸಿದರೆ ಮುಖವೇ ಬೇರೆ ಆಗುತ್ತದೆ. ಸರಿ ಅನ್ನಿಸಿದ ಮೇಲೆ ಕಪ್ಪು ದಾರದ ಎರಡು ಗಂಟು ಕಸೂತಿ, ಬಾಯಿಗೆ ಕೆಂಪು ದಾರದ ಒಂದೇ ಸಣ್ಣ ಗೆರೆ. ಸೂಜಿಯನ್ನು ತಲೆಯ ಹಿಂಭಾಗದಿಂದ ತನ್ನಿ, ಗಂಟು ಕೂದಲ ಕೆಳಗೆ ಅಡಗುತ್ತದೆ. ಮೂಗು ಬೇಡ, ರೆಪ್ಪೆ ಬೇಡ, ಹಲ್ಲು ಖಂಡಿತ ಬೇಡ.

ಜರ್ಮನಿಯಲ್ಲಿ 1919ರಲ್ಲಿ ಶುರುವಾದ ವಾಲ್ಡಾರ್ಫ್ ಶಾಲೆಗಳ ಬಟ್ಟೆ ಗೊಂಬೆಗಳು ಹೀಗೇ ಇರುತ್ತವೆ, ಚುಕ್ಕಿಯಂಥ ಕಣ್ಣು, ಗೆರೆಯಂಥ ಬಾಯಿ. ದೊಡ್ಡದಾಗಿ ನಗುವ ಗೊಂಬೆ ಯಾವಾಗಲೂ ನಗುತ್ತಲೇ ಇರುತ್ತದೆ, ಮಗು ಅಳುವಾಗ ಅದರ ಜೊತೆ ಅಳೋಕೆ ಆಗುವುದಿಲ್ಲ. ಏನೂ ಹೇಳದ ಮುಖವಾದರೆ ಮಗು ತನಗೆ ಬೇಕಾದ್ದನ್ನು ಅದರಲ್ಲಿ ನೋಡಿಕೊಳ್ಳುತ್ತದೆ. ಮಕ್ಕಳ ಕೈಯಲ್ಲಿ ಗೊಂಬೆ ಏನಾಗುತ್ತದೆ ಅಂತ ಇಷ್ಟು ವರ್ಷ ನೋಡಿದ್ದೇನೆ, ಇದು ನಿಜ.

ಅದೇ ಜರ್ಮನಿಯ ಕೇಥೆ ಕ್ರೂಸೆ ಅನ್ನುವ ತಾಯಿಯ ವಿಷಯ ನಿಮಗೆ ಹೇಳಲೇಬೇಕು. 1905ರಲ್ಲಿ ಅವರ ಪುಟ್ಟ ಮಗಳು ಗೊಂಬೆ ಕೇಳಿದಳು. ಅಂಗಡಿ ಗೊಂಬೆಗಳು ಗಟ್ಟಿ, ತಣ್ಣಗೆ, ಅಪ್ಪಿಕೊಳ್ಳೋಕೆ ಆಗದಂಥವು ಅಂತ ಮಗಳ ಅಪ್ಪ ತರಲಿಲ್ಲ, ನೀನೇ ಮಾಡು ಅಂದರು. ಅವರು ಒಂದು ಟವೆಲ್ಲಿಗೆ ಮರಳು ತುಂಬಿ, ಮೂಲೆಗಳನ್ನು ಗಂಟು ಹಾಕಿ ಕೈ ಕಾಲು ಮಾಡಿ, ತಲೆಗೆ ಆಲೂಗಡ್ಡೆ ಇಟ್ಟರು. ಮಗಳಿಗೆ ಅದೇ ಪ್ರಾಣವಾಯಿತು. ಮುಂದೆ ಅವರ ಗೊಂಬೆಗಳು ದೇಶದೇಶಕ್ಕೆ ಹೋದವು, ಶುರುವಾದದ್ದು ಮಾತ್ರ ಆಲೂಗಡ್ಡೆಯಿಂದ. ಕತ್ತು ಬೀಳುವ ನಿಮ್ಮ ಎರಡು ಗೊಂಬೆ ಅದಕ್ಕಿಂತ ಎಷ್ಟೋ ಮುಂದೆ ಇವೆ.

ಕೂದಲಿಗೆ ಉಲ್ಲನ್ ದಾರ, ನಡು ಬೈತಲೆಗೆ ಬಖಿಯಾ ಹಾಕಿ ಕೂರಿಸಿ, ಎರಡು ಜಡೆ. ಐದು ವರ್ಷದವಳಿಗೆ ಬಟನ್ ಕಣ್ಣು ನಡೆಯುತ್ತದೆ ಅನ್ನಬಹುದು, ಆದರೆ ಮನೆಗೆ ಬರುವ ಚಿಕ್ಕ ಕೂಸುಗಳ ಕೈಗೂ ಅದು ಸಿಗುತ್ತದಲ್ಲ. ಮೂರು ವರ್ಷದೊಳಗಿನ ಮಕ್ಕಳು ಇರುವ ಮನೆಯಲ್ಲಿ ಬಟನ್, ಮಣಿ, ಗೆಜ್ಜೆ, ಕನ್ನಡಿ ಚೂರು ಯಾವುದೂ ಬೇಡ. ಲಂಬಾಣಿ ಕಸೂತಿಯ ಕನ್ನಡಿ, ಕವಡೆ ನನಗೆ ತುಂಬಾ ಇಷ್ಟ. ಸೂರಗೊಂಡನಕೊಪ್ಪದ ಜಾತ್ರೆಗೆ ಹೋದರೆ ಕಣ್ಣು ತುಂಬಿ ಬರುವಷ್ಟು ಚೆಂದದ ಕೆಲಸ ಕಾಣುತ್ತದೆ. ಅದು ಶೋಕೇಸಿನ ಗೊಂಬೆಗಿರಲಿ. ಗುಲಗಂಜಿಯನ್ನು ಮಾತ್ರ ಯಾವ ಗೊಂಬೆಗೂ ಕಣ್ಣಾಗಿ ಇಡಬೇಡಿ. ನೋಡೋಕೆ ಚೆಂದ, ಆದರೆ ಕಾಳು ವಿಷ, ಮಗು ಅಗಿದು ನುಂಗಿದರೆ ಪ್ರಾಣಕ್ಕೆ ಅಪಾಯ.

ಜಾತ್ರೆಯ 150 ರೂಪಾಯಿ ಗೊಂಬೆಯ ಮಾತು. ಮನೆಯವರ ಲೆಕ್ಕ ತಪ್ಪಲ್ಲ, ನಿಮ್ಮ ಗೊಂಬೆಗೆ ನಾಲ್ಕು ಮಧ್ಯಾಹ್ನ ಹೋಗುತ್ತದೆ. ಆದರೆ ಆ ನಾಲ್ಕು ಮಧ್ಯಾಹ್ನ ಏನಾಗುತ್ತದೆ ಅಂತ ಅವರು ಕೂತು ನೋಡಿಲ್ಲ. ಹೊಲಿಯುವಾಗ ಕೈಗೆ ಕೆಲಸ ಇರುತ್ತದೆ, ಬಾಯಿ ಖಾಲಿ ಇರುತ್ತದೆ, ಮನಸ್ಸು ನಿಧಾನಕ್ಕೆ ತಿಳಿಯಾಗುತ್ತದೆ. ಕುಟ್ಟು ಕುಟ್ಟಿಗೂ ಕಣ್ಣ ಮುಂದೆಯೇ ಏನೋ ಬೆಳೆಯುತ್ತಿರುತ್ತದೆ. ದುಃಖದಲ್ಲಿ ಇರುವವರಿಗೆ ಅದು ಎಷ್ಟು ದೊಡ್ಡದು ಅಂತ ನನಗೆ ಗೊತ್ತು. ನನ್ನ ಹತ್ತಿರ ಕಲಿಯೋಕೆ ಬಂದವರು ಮಾತಲ್ಲಿ ಹೇಳದ ಎಷ್ಟೋ ವಿಷಯ ಸೂಜಿ ಹಿಡಿದು ತಲೆ ಬಗ್ಗಿಸಿದಾಗ ಹೇಳಿದ್ದಾರೆ.

ಮಣ್ಣೆತ್ತಿನ ಅಮಾವಾಸ್ಯೆ ನೆನಪಿದೆಯಾ? ಈಗ ಬಣ್ಣ ಬಳಿದ ಎತ್ತು ಮಾರುಕಟ್ಟೆಯಲ್ಲಿ ಸಿಗುತ್ತದೆ. ಆದರೂ ಮಕ್ಕಳ ಕೈಗೆ ಒಂದು ಮುದ್ದೆ ಹಸಿಮಣ್ಣು ಕೊಟ್ಟು ನೋಡಿ, ಕೊಂಡ ಎತ್ತನ್ನು ತಿರುಗಿಯೂ ನೋಡುವುದಿಲ್ಲ. ಕೊಂಬು ವಕ್ರ, ಕಾಲು ಗಿಡ್ಡ, ಆದರೆ "ಇದು ನಂದು" ಅನ್ನುತ್ತಾರೆ. ನಾವು ಜೋಳದ ದಂಟಿನ ಬಂಡಿ ಮಾಡಿ ಬೀದಿ ತುಂಬಾ ಎಳೆದವರು. ಅದನ್ನು ಮಾಡುವುದರಲ್ಲೇ ಅರ್ಧ ಆಟ ಮುಗಿದಿರುತ್ತಿತ್ತು. ನಿಮ್ಮ ಮಗಳಿಗೂ ಹಾಗೇ, ಚಿಂದಿ ಹರಿದವಳು ಅವಳು, ಚಹಾ ಬಣ್ಣ ಸಾಕಾ ಅಂತ ನೋಡಿದವಳು ಅವಳು. ಆ ಗೊಂಬೆ ಕಳೆದುಹೋದರೆ ಅವಳು ಹುಡುಕುವ ರೀತಿಯೇ ಬೇರೆ ಇರುತ್ತದೆ.

ಕಣ್ಣಿನ ಚಿಂತೆ ಸರಿಯಾದದ್ದೇ. ಹಗಲು ಬೆಳಕಲ್ಲಿ, ಕಿಟಕಿಯನ್ನು ಎಡಗಡೆಗೆ ಇಟ್ಟುಕೊಂಡು ಕೂತುಕೊಳ್ಳಿ. ರಾತ್ರಿ ಕಪ್ಪು ಬಟ್ಟೆಗೆ ಕಪ್ಪು ದಾರ ಹಿಡಿಯಬೇಡಿ. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ತಲೆ ಎತ್ತಿ ದೂರದ ಮರ ನೋಡಿ. ಸೂಜಿಕಣ್ಣು ಕಾಣದಿದ್ದರೆ ಕನ್ನಡಕದ ನಂಬರ್ ತೋರಿಸಿಕೊಳ್ಳಿ, ಹೊಲಿಗೆಯನ್ನು ದೂರಬೇಡಿ.

ಮಾರುವ ವಿಷಯ, ಒಂದು ಹತ್ತು ಗೊಂಬೆ ಆದ ಮೇಲೆ ಯೋಚಿಸಿ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರ ಸರ್ಕಾರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿಕೊಂಡ ಕುಶಲಕರ್ಮಿಗಳು ತಾವೇ ಮಾಡಿ ಮಾರುವ ವಸ್ತುಗಳಿಗೆ ವಿನಾಯಿತಿ ಇದೆ. ಮಾರುವುದೇ ಆದರೆ ಮೊದಲು ಆ ನೋಂದಣಿ ಮಾಡಿಸಿ. ಬೆಲೆ ಹಾಕುವಾಗ ಬಟ್ಟೆ ಫೈಬರಿನ ದುಡ್ಡಿನ ಜೊತೆ ನಿಮ್ಮ ಗಂಟೆಗಳ ಕೂಲಿಯನ್ನೂ ಸೇರಿಸಿ. ಕೈಕೆಲಸ ಮಾಡುವ ಹೆಂಗಸರು ತಮ್ಮ ಸಮಯಕ್ಕೆ ಬೆಲೆಯೇ ಇಲ್ಲ ಅನ್ನುವ ಹಾಗೆ ಕೊಟ್ಟುಬಿಡುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅವ್ವನ ಸೀರೆಯ ಗೊಂಬೆಯನ್ನಂತೂ ಮಾರಬೇಡಿ.

ಶುರು ಎಲ್ಲಿಂದ ಅಂದರೆ ನಿಮ್ಮ ಆ ಎರಡು ಗೊಂಬೆಗಳಿಂದಲೇ. ಎಸೆದಿಲ್ಲ ತಾನೇ? ಒಂದರ ಬೆನ್ನು ಬಿಚ್ಚಿ, ಎಲ್ಲಾ ಹೊರಗೆ ತೆಗೆದು, ಕಂಕುಳಿಗೆ ಎರಡನೇ ಹೊಲಿಗೆ ಹಾಕಿ, ಸುರುಳಿ ಇಟ್ಟು ಮತ್ತೆ ತುಂಬಿ. ಹೆದರಿಸುವ ಮುಖದ ದಾರ ಬಿಚ್ಚಿದರೆ ತೂತಿನ ಗುರುತು ಉಳಿಯುತ್ತದೆ, ಒದ್ದೆ ಬೆರಳಿಂದ ಉಜ್ಜಿದರೆ ಮುಕ್ಕಾಲು ಹೋಗುತ್ತದೆ. ಇಷ್ಟು ಆದ ಮೇಲೆ ಕೈಗೆ ಧೈರ್ಯ ಬಂದಿರುತ್ತದೆ, ಆಗ ಸೀರೆ ತೆಗೆದುಕೊಳ್ಳಿ. ಕತ್ತರಿಸುವ ಮೊದಲು ಒಂದು ಕೆಲಸ ಮಾಡಿ. ಯಾವ ಯಾವ ಸೀರೆ ಬಳಸುತ್ತೀರೋ ಪ್ರತಿಯೊಂದರಿಂದಲೂ ಒಳಸುತ್ತಿನ ಕಡೆಯ ಒಂದು ಗೇಣು ತುಂಡು ತೆಗೆದು, ಹೊಂದುವ ದಾರದ ಜೊತೆ ಒಂದು ಚೀಲದಲ್ಲಿ ಕಟ್ಟಿಡಿ. ಮಗಳು ಆ ಗೊಂಬೆಯ ಕೈ ಹಿಡಿದೇ ಎಳೆದಾಡುತ್ತಾಳೆ, ವರ್ಷದೊಳಗೆ ಮೊಣಕೈ ಹರಿದುಕೊಂಡು ತರುತ್ತಾಳೆ, ಆಗ ತೇಪೆಗೆ ಅದೇ ಬಟ್ಟೆ ಬೇಕಾಗುತ್ತದೆ.